ಮೂರನೇ ಪಟ್ಟಿಯ ಒಂದು ಸಾಲು

ತಮ್ಮನ ಹೆಂಡತಿ ಕೆಲಸದ ಆದೇಶವನ್ನು ಊಟದ ಮೇಜಿನ ಮೇಲೆ, ಉಪ್ಪಿನ ಡಬ್ಬಿಯ ಪಕ್ಕದಲ್ಲಿಟ್ಟಳು. ದೂರದ ಊರು, ಒಳ್ಳೆಯ ಕೆಲಸ, ಬರುವ ಸೋಮವಾರವೇ ಹಾಜರಾಗಬೇಕು. "ಮಗೂನ ಕರ್ಕೊಂಡೇ ಹೋಗ್ತೀನಿ ಅಕ್ಕಾ" ಎಂದಳು, ತಲೆಯೆತ್ತದೆ. ಅಕ್ಕ "ಹೋಗಮ್ಮಾ, ಒಳ್ಳೇದಾಗ್ಲಿ" ಎಂದು ಬಾಯಿತುಂಬ ಹರಸಿದಳು. ಆಮೇಲೆ ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ಅಳದೆ ಏನು ಮಾಡಿಯಾಳು? ತಮ್ಮ ತೀರಿಕೊಂಡು ಎರಡು ವರ್ಷ. ಅವನ ಮೂಗು, ಅವನ ಹಟ, ಮಲಗಿದಲ್ಲಿ ಹೊದಿಕೆ ಒದೆಯುವ ಅವನ ಚಾಳಿ, ಎಲ್ಲವೂ ಆರು ವರ್ಷದ ಆ ಹುಡುಗಿಯಲ್ಲಿ ಉಳಿದಿದ್ದವು. ಅಕ್ಕನಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ತಾಯಿ ಕೆಲಸ ಹುಡುಕಿ ಅಲೆಯುವಾಗ ಮಗುವಿಗೆ ಜಡೆ ಹಾಕಿದ್ದು ಯಾರು? ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಇಟ್ಟಿದ್ದು ಯಾರು? ಹೆತ್ತುಬಿಟ್ಟರೆ ಮುಗಿಯಿತೇ? ಹೀಗೆ ತನಗೆ ತಾನೇ ವಕೀಲಿ ಮಾಡಿಕೊಂಡು ಮೂರು ದಿನ ಕಳೆದಳು. ತೀರ್ಪು ತನ್ನ ಕಡೆಗೇ ಬಂತು, ಬರದೆ ಇನ್ನೆಲ್ಲಿಗೆ ಹೋದೀತು!

ಮಗು ಓದುವ ಶಾಲೆಯಲ್ಲೇ ಅವಳಿಗೆ ಕಂಪ್ಯೂಟರಿನ ದಾಖಲೆ ನೋಡಿಕೊಳ್ಳುವ ಕೆಲಸ. ಎಲ್ಲರೂ 'ಪಟ್ಟಿ ಮೇಡಂ' ಎನ್ನುತ್ತಿದ್ದರು. ಅವಳ ಕೈಯಲ್ಲಿ ಮೂರು ಪಟ್ಟಿಗಳು. ಒಂದರಲ್ಲಿ ಮಕ್ಕಳು, ಇನ್ನೊಂದರಲ್ಲಿ ಪೋಷಕರು. ಯಾವ ಮಗು ಯಾರದು ಎಂಬುದು ಆ ಎರಡರಲ್ಲೂ ಇಲ್ಲ, ಅದು ಇರುವುದು ಮೂರನೆಯದರಲ್ಲಿ. ಅಲ್ಲಿ ಸಾಲಿಗೆ ಎರಡೇ ಅಂಕಿ: ಮಗುವಿನ ಸಂಖ್ಯೆ, ಪೋಷಕರ ಸಂಖ್ಯೆ. ಆ ಸಾಲು ತೆಗೆದರೆ ಮಗು ತನ್ನ ಪಟ್ಟಿಯಲ್ಲಿ ಹಾಗೇ ಇರುತ್ತದೆ, ತಾಯಿ ತನ್ನ ಪಟ್ಟಿಯಲ್ಲಿ ಹಾಗೇ ಇರುತ್ತಾಳೆ, ನಡುವಿನ ನಂಟು ಮಾತ್ರ ಇರುವುದಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಅನ್ನುತ್ತಾರೆ. ಇಲ್ಲಿ ಹಾವು ಸಾಯುವ ಅಗತ್ಯವೂ ಇರಲಿಲ್ಲ. ತಮ್ಮನ ಸಾಲನ್ನು ಎರಡು ವರ್ಷದ ಹಿಂದೆ ಅವಳೇ ಅಳುತ್ತ ತೆಗೆದಿದ್ದಳು, ಹಾಗಾಗಿ ಈಗ ತೆಗೆಯಲು ಉಳಿದದ್ದು ತಾಯಿಯ ಒಂದೇ ಸಾಲು.

ಲೆಕ್ಕ ಸರಳವಾಗಿತ್ತು. ಟಿ.ಸಿ. ಕೊಡುವುದು ಪಟ್ಟಿಯಲ್ಲಿ ನಂಟಿರುವವರಿಗೆ ಮಾತ್ರ. ಏನೇ ಕೇಳಲು ಬಂದರೂ, ಬಂದವರ ನಂಟು ಸಿಗದಿದ್ದರೆ ಮಗುವಿನ ಕಡತಕ್ಕೆ ತಾನಾಗಿಯೇ ಹದಿನೈದು ದಿನ ಬೀಗ ಬೀಳುತ್ತದೆ, ಹೆಡ್‌ಮಾಸ್ಟರು ತಿಪ್ಪರಲಾಗ ಹಾಕಿದರೂ ತೆರೆಯುವುದಿಲ್ಲ. ಹಿಂದೊಮ್ಮೆ ಯಾರೋ ಅಪರಿಚಿತ ಸುಳ್ಳು ಹೇಳಿ ಒಂದು ಮಗುವನ್ನು ಕರೆದೊಯ್ಯಲು ಬಂದಿದ್ದ. ಅದಾದ ಮೇಲೆ ಆ ಬೀಗದ ಕೋಡ್ ಬರೆದವಳು ಇವಳೇ. ಟಿ.ಸಿ. ಇಲ್ಲದೆ ಆ ಊರಿನ ಶಾಲೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ, ಕೆಲಸ ಸೋಮವಾರದಾಚೆ ಕಾಯುವುದಿಲ್ಲ. 'ಹದಿನೈದು ದಿನ ತಾನೇ, ನನ್ನ ಹತ್ರ ಬಿಟ್ಟು ಹೋಗು' ಎಂದರಾಯಿತು. ದಿನ ತಿಂಗಳಾಗುತ್ತದೆ, ತಿಂಗಳು ವರ್ಷವಾಗುತ್ತದೆ.

ಎರಡೆರಡು ಸಲ ಸೇರಿಹೋದ ಸಾಲುಗಳನ್ನು ತೆಗೆಯುವ ಕೋಡ್ ಪ್ರತಿ ಗುರುವಾರ ಮಧ್ಯಾಹ್ನ ತಾನಾಗಿ ಓಡುತ್ತಿತ್ತು. ಅದರ ಹೊಟ್ಟೆಯೊಳಗೆ ಅವಳು ಮೂರು ಸಾಲು ಸೇರಿಸಿದಳು. ಮಗುವನ್ನು ಅದರ ಪೋಷಕರ ಸಮೇತ ತರಿಸು, ಅವರಲ್ಲಿ ತಾಯಿಯನ್ನು ಕೈಬಿಡು, ಸೇವ್ ಮಾಡು. 'ಅಳಿಸು' ಎಂಬ ಮಾತೇ ಎಲ್ಲೂ ಇಲ್ಲ. ಮಕ್ಕಳೆಲ್ಲ ಊಟಕ್ಕೆ ಕೂತಿದ್ದಾಗ ಅದು ಓಡಿ ಮುಗಿಯಿತು. ಎರಡು ಸಲ ಸೇರಿದ್ದ ಆರು ನಂಟು ಹೋಗಬೇಕಾದ ಕಡೆ, ತಾಯಿಯದೂ ಸೇರಿ ಏಳು ಹೋಯಿತು. ತಕ್ಷಣ ಆ ಮೂರು ಸಾಲು ತೆಗೆದಳು. ತೊಳೆದಿಟ್ಟ ತಟ್ಟೆಯಷ್ಟು ಶುದ್ಧ.

ಕೈ ಶುದ್ಧವಾಯಿತು, ಮನಸ್ಸಲ್ಲ. ಬೇಲಿಯೇ ಎದ್ದು ಹೊಲ ಮೇಯಿತಲ್ಲೇ ಎಂದು ಒಳಗೆ ಯಾರೋ ಕುಟುಕುತ್ತಲೇ ಇದ್ದರು. ಸಂಜೆ ಜಡೆ ಬಿಚ್ಚಿಸಿಕೊಳ್ಳುತ್ತ ಮಗು, "ಅತ್ತೇ, ಅಲ್ಲಿ ಜಡೆ ಯಾರು ಹಾಕ್ತಾರೆ? ಅಮ್ಮಂಗೆ ಸೊಟ್ಟ ಬರುತ್ತೆ" ಎಂದು ಮೂಗೆಳೆಯಿತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ತಾಯಿಯ ಕಣ್ಣು ಕೆಂಪಾಯಿತು. "ನಾಳೆ ಶಾಲೆಗೆ ಬರ್ತೀನಿ ಅಕ್ಕಾ, ಸ್ವಲ್ಪ ಕೆಲಸ ಇದೆ" ಎಂದಷ್ಟೇ ಹೇಳಿದಳು. ಎರಡು ವರ್ಷ ಒಂದೇ ಸೂರಿನಡಿ ಇದ್ದವಳು, ತನಗಿಂತ ಮೊದಲು ಒಮ್ಮೆಯೂ ಊಟಕ್ಕೆ ಕೂರದವಳು. ಅಯ್ಯೋ ಪಾಪಿ, ಇವಳಿಗೇ ಹೀಗೆ ಮಾಡಿದೆನಲ್ಲ ಎನಿಸಿ ಅಕ್ಕ ತಟ್ಟೆ ಸರಿಸಿ ಎದ್ದಳು.

ಶುಕ್ರವಾರ ಹನ್ನೊಂದಕ್ಕೆ ತಾಯಿ ಹೆಡ್‌ಮಾಸ್ಟರ ಕೋಣೆಗೆ ಹೋದಳು. ಪಟ್ಟಿ ಮೇಡಂ ಮರದ ಅಡ್ಡಗೋಡೆಯ ಈಚೆ ಕಿವಿಯಾಗಿ ಕೂತಳು.

"ನಿಮ್ಮ ಹೆಸರೇ ಬರ್ತಿಲ್ವಲ್ಲಮ್ಮ. ನೋಡಿ, ಬೀಗಾನೂ ಬಿತ್ತು. ನೀವು ತಾಯಿ ಅಂತ ನಂಗೆ ಗೊತ್ತು, ಆದ್ರೆ ಈ ಕಂಪ್ಯೂಟರಿಗೆ ಗೊತ್ತಾಗ್ಬೇಕಲ್ಲ!"

ತಾಯಿ ಹೊರಗೆ ಬಂದು ಅಕ್ಕನ ಪಕ್ಕದ ಕುರ್ಚಿಯಲ್ಲಿ ಕೂತಳು. ಅಕ್ಕ ಮೂರು ದಿನದಿಂದ ಬಾಯಿಪಾಠ ಮಾಡಿಟ್ಟಿದ್ದ ಮಾತನ್ನು ತೆಗೆದಳು. "ಹೆದರ್ಬೇಡ ಕಣೇ. ಟಿ.ಸಿ. ಆಮೇಲೆ ಬರುತ್ತೆ. ಹದಿನೈದು ದಿನ ನನ್ನ ಹತ್ರ ಬಿಟ್ಟು ಹೋಗು."

"ಟಿ.ಸಿ. ಕೇಳೋಕೆ ನಾನೆಲ್ಲಿ ಬಂದೆ ಅಕ್ಕಾ? ನಿನ್ನೆ ಅವಳು ಮೂಗೆಳೆದಿದ್ದು ನೋಡಿ ಮನಸ್ಸು ಬದಲಾಯಿಸ್ದೆ. ಅವಳಿಗಿಷ್ಟ ಇರೋವರೆಗೂ ನಿಮ್ಮ ಹತ್ರಾನೇ ಇರ್ಲಿ ಅಂತ ನಿಮ್ಮ ಹೆಸರು ಸೇರಿಸೋಕೆ ಬಂದೆ. ಸೇರಿಸಿಬಿಟ್ಟೇ ನಿಮಗೆ ಹೇಳೋಣ ಅಂತಿದ್ದೆ."

"ಸೇರಿಸು ಮತ್ತೆ! ಈಗ್ಲೇ ಸೇರಿಸು!"

"ಹೆಸರಿರೋರು ಮಾತ್ರ ಇನ್ನೊಬ್ಬರನ್ನ ಸೇರಿಸ್ಬಹುದಂತೆ, ನನ್ನದೇ ಇಲ್ವಲ್ಲ. ಪಟ್ಟೀಲಿ ಹೆಸರಿಗೊಬ್ಬರೂ ಪೋಷಕರಿಲ್ಲದ ಮಗೂನ ಸೋಮವಾರದಿಂದ ತರಗತಿಗೆ ಬಿಡಲ್ವಂತೆ." ಅವಳು ಮೂಗು ಒರೆಸಿಕೊಂಡಳು. "ಅದೂ ಹೋಗ್ಲಿ. ಅವಳು ನನ್ನ ಮಗಳೇ ಅಲ್ಲ ಅಂತ ಆ ಪೆಟ್ಟಿಗೆ ಹೇಳ್ಬಿಡ್ತು ಅಕ್ಕಾ. ಇನ್ನು ಒಂದಿನಾನೂ ಬಿಟ್ಟಿರಲಾರೆ. ಸಂಜೆ ಬಸ್ಸಿಗೇ ಕರ್ಕೊಂಡು ಹೋಗ್ತೀನಿ, ಶಾಲೆ ಆಮೇಲೆ ನೋಡಿದ್ರಾಯ್ತು."

ನಾನೇ ಮಾಡಿದ್ದು ಕಣೇ ಎನ್ನುವ ಬದಲು ಅಕ್ಕ ಅವಳ ಕೈಗೆ ನೀರಿನ ಲೋಟ ಕೊಟ್ಟಳು. ತಾಯಿ ಮಗುವನ್ನು ಕರೆತರಲು ತರಗತಿಯತ್ತ ಹೋದಳು. ಪಟ್ಟಿ ಮೇಡಂ ತಾಯಿಯ ಸಾಲನ್ನು ಮತ್ತೆ ಸೇರಿಸಲು ನೋಡಿದಳು. ಹದಿನೈದು ದಿನ ಕಾಯಿರಿ ಎಂದು ಅವಳೇ ಬರೆದ ವಾಕ್ಯ ತೆರೆಯ ಮೇಲೆ ಬಂತು. ಕೊನೆಗೆ ಮೂರನೆಯ ಪಟ್ಟಿಯಲ್ಲಿ ಮಗುವಿನ ಸಂಖ್ಯೆಯ ಜೊತೆ ತನ್ನ ಸಂಖ್ಯೆಯನ್ನು ಹುಡುಕಿದಳು. ಇಷ್ಟು ದಿನ ತಾನಂತೂ ಅಲ್ಲಿ ಇದ್ದೇ ಇರುತ್ತೇನೆ ಎಂದೇ ನಂಬಿದ್ದಳು, ತನ್ನ ಆ ಒಂದು ಸಾಲಿದ್ದರೆ ಮಗು ಇಲ್ಲೇ ಉಳಿಯಬಹುದಿತ್ತು. ಆದರೆ ಆ ಸಾಲೇ ಇರಲಿಲ್ಲ. ಮಗುವಿನ ಕೈ ಹಿಡಿದು ಹೊರಡುವಾಗ ಇಲ್ಲಿಯವಳೇ ಎಂದು ಗೇಟಿನವನು ಎರಡು ವರ್ಷ ದಿನಾ ನಗುತ್ತ ಬಾಗಿಲು ತೆರೆದಿದ್ದ, ಯಾರೂ ಅವಳ ಹೆಸರು ಕೇಳಿರಲಿಲ್ಲ, ಅವಳೂ ಬರೆದುಕೊಂಡಿರಲಿಲ್ಲ.