ಲೋಟದ ತಳದ ಗೀರು

ದೂರು ಕೊಡಲು ಬಂದವನಿಗೆ ಕಳೆದುಹೋದ ವಸ್ತು ಇರಲಿಲ್ಲ. ಮನೆಯ ಕಪಾಟಿನಲ್ಲಿ ಹನ್ನೆರಡು ಗಾಜಿನ ಲೋಟಗಳಿದ್ದವು, ಈಗಲೂ ಹನ್ನೆರಡೇ ಇವೆ ಎಂದು ಅವನೇ ಹೇಳಿದ. ಬಾಗಿಲು ಮುರಿದಿರಲಿಲ್ಲ, ಬೀಗ ಒಡೆದಿರಲಿಲ್ಲ.

“ಮತ್ತೆ ಕಳ್ಳತನ ಎಲ್ಲಾಯ್ತು?” ಎಂದು ಇನ್‌ಸ್ಪೆಕ್ಟರ್ ಕೇಳಿದ.

“ಇವು ನನ್ನವಲ್ಲ. ನನ್ನವನ್ನ ತಗೊಂಡು ಇವನ್ನ ಇಟ್ಟಿದಾರೆ.”

“ಬೇರೆ ಥರದವಾ?”

“ಅದೇ ಥರದವು. ಅದೇ ಕಾರ್ಖಾನೆ, ಅದೇ ಚಿತ್ತಾರ.”

ಪಕ್ಕದ ಮೇಜಿನ ಹೆಡ್ ಕಾನ್‌ಸ್ಟೇಬಲ್ ಕೆಮ್ಮಿದ. ಠಾಣೆಯಲ್ಲಿ ಅವನನ್ನು ‘ಮೀಸೆ’ ಎಂದು ಕರೆಯುತ್ತಿದ್ದರು. ಎಷ್ಟು ಬಿಟ್ಟರೂ ಅವನಿಗೆ ಮೀಸೆ ಬಂದಿರಲಿಲ್ಲ. “ಎಂಥಾ ಮರ್ಯಾದಸ್ಥ ಕಳ್ಳ ಸಾರ್. ತಗೊಂಡಷ್ಟೂ ವಾಪಸ್ ಇಟ್ಟು ಹೋಗಿದಾನೆ. ನಮ್ಮನೇಗೂ ಒಂದ್ಸಲ ಕಳಿಸಿ, ಹಳೇ ಮಂಚ ಇದೆ.”

ದೂರುದಾರ ನಗಲಿಲ್ಲ. ಅರವತ್ತು ದಾಟಿದ ಅವನು ಕನ್ನಡಕದ ಅಂಗಡಿ ನಡೆಸಿ, ಮುಚ್ಚಿ, ಈಗ ಮನೆಯಲ್ಲಿದ್ದ. ಹಳೆಯ ಕ್ರಿಸ್ಟಲ್ ಲೋಟಗಳನ್ನು ಕೂಡಿಡುವುದು ಅವನ ಹವ್ಯಾಸ. ಬಟ್ಟೆಯಲ್ಲಿ ಸುತ್ತಿ ತಂದಿದ್ದ ಒಂದು ಲೋಟವನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ತೆಳ್ಳಗಿನ ಕಾಲು, ಅಗಲ ಪಾದ, ಹೊಟ್ಟೆಯ ಸುತ್ತ ಆಸಿಡ್‌ನಲ್ಲಿ ಕೊರೆದ ಬಳ್ಳಿ. ಬಾಯಿಂದ ಊದಿ ಮಾಡಿದ್ದು, ನೂರು ವರ್ಷದ್ದು ಎಂದ. ಆಮೇಲೆ ಇನ್‌ಸ್ಪೆಕ್ಟರ್ ಕೈಗೆ ಭೂತಗಾಜು ಕೊಟ್ಟ.

“ತಳ ನೋಡಿ.”

ಪಾದದ ತಳದಲ್ಲಿ ಕೂದಲೆಳೆಯಂಥ ಗೀರುಗಳಿದ್ದವು. ಒಂದರ ಮೇಲೊಂದು, ದಿಕ್ಕಿಲ್ಲದೆ.

“ಲೋಟ ಇಟ್ಟು ಎತ್ತಿ, ಇಟ್ಟು ಎತ್ತಿ ಮಾಡಿದ್ರೆ ಹೀಗಾಗುತ್ತೆ. ಇದು ಬಳಸಿದ ಲೋಟ. ನಾನು ಕೊಂಡಾಗ ನನ್ನವುಗಳ ತಳ ನೀರಿನ ಹಾಗಿತ್ತು. ಹುಟ್ಟಿದಾಗಿಂದ ಒಂದು ತೊಟ್ಟು ನೀರು ಕಂಡಿರಲಿಲ್ಲ ಅವು. ನಾನೂ ಕುಡಿದಿಲ್ಲ.”

ಹಿಂದಿನ ಭಾನುವಾರ ಇಂಥದೇ ಹವ್ಯಾಸದ ಸ್ನೇಹಿತನೊಬ್ಬ ಮನೆಗೆ ಬಂದಿದ್ದ. ಲೋಟ ತಿರುಗಿಸಿ ನೋಡಿ, “ಚೆನ್ನಾಗಿ ಬಳಸಿದೀರಿ ಕಣ್ರೀ” ಎಂದು ನಕ್ಕಿದ್ದ. ಅದನ್ನು ಹೇಳುವಾಗ ದೂರುದಾರನ ಕಿವಿ ಕೆಂಪಾಯಿತು.

“ಅನುಮಾನ ಯಾರ ಮೇಲೆ?”

“ಕೆಲಸದವಳ ಮೇಲೆ. ಇನ್ಯಾರು ಬರ್ತಾರೆ ನಮ್ಮನೇಗೆ?”

ಎಫ್‌ಐಆರ್ ಆಗುವವರೆಗೆ ಅವನು ಕುರ್ಚಿಯಿಂದ ಏಳಲಿಲ್ಲ. ಮಾರ್ಚ್ ಹದಿನಾಲ್ಕು, ಬೆಳಿಗ್ಗೆ ಹನ್ನೊಂದೂವರೆಗೆ ಪ್ರಕರಣ ದಾಖಲಾಯಿತು.

ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ ನಡೆಯಿತು. ಹಜಾರದ ಒಂದು ಗೋಡೆಯಿಡೀ ಗಾಜಿನ ಕಪಾಟು. ಒಳಗೆ ಕಪ್ಪು ಮಖಮಲ್ಲಿನ ಮೇಲೆ ಲೋಟಗಳು ನಿಂತಿದ್ದವು. ಬೀಗದ ಕೈ ದೂರುದಾರನ ಜೇಬಿನಲ್ಲಿ. ಇನ್ನೊಂದು, ಧೂಳು ಒರೆಸಲೆಂದು, ಅಡುಗೆಮನೆಯ ಡಬ್ಬಿಯಲ್ಲಿ. ಅವನ ಹೆಂಡತಿ ಎಲ್ಲರಿಗೂ ಸ್ಟೀಲ್ ಲೋಟದಲ್ಲಿ ನೀರು ತಂದಳು. ತಟ್ಟೆಯನ್ನು ಬಲಗೈಯಲ್ಲಿ ಹಿಡಿದಿದ್ದಳು. ಎಡಗೈಯ ಮಣಿಕಟ್ಟು ಯಾವಾಗಲೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಇನ್‌ಸ್ಪೆಕ್ಟರ್ ಅದನ್ನು ನೋಡಿದ. ಪ್ರಕರಣಕ್ಕೆ ಸಂಬಂಧವಿರಲಿಲ್ಲ, ಬರೆಸಲಿಲ್ಲ.

ಕೆಲಸದಾಕೆಯನ್ನು ಠಾಣೆಗೆ ಕರೆಸಿದರು. ನಲವತ್ತರ ಗಟ್ಟಿ ಹೆಂಗಸು.

“ಲೋಟ ಮುಟ್ಟಿದೀಯಾ?”

“ಮುಟ್ಟಿದೀನಿ.”

“ಯಾಕೆ?”

“ತೊಳೆಯೋಕೆ.”

“ಬಳಸದ ಲೋಟ ತೊಳೆಯೋದ್ಯಾಕೆ?”

ಆಮೇಲೆ ಏನು ಕೇಳಿದರೂ ಅವಳು ತುಟಿ ಬಿಚ್ಚಲಿಲ್ಲ. ಸಂಜೆ ಮನೆಗೆ ಕಳಿಸಿ, ಮಾರನೆಯ ದಿನ ಮತ್ತೆ ಕರೆಸಿ ಬೆಂಚಿನ ಮೇಲೆ ಕೂರಿಸಿದರು. ಮೀಸೆ ಹೋಗುತ್ತ ಬರುತ್ತ ಹೆದರಿಸಿದ. “ಹೇಳ್ದಿದ್ರೆ ಜೈಲಮ್ಮಾ. ಅಲ್ಲಿ ತೊಳೆಯೋಕೆ ಬೇಕಾದಷ್ಟು ಲೋಟ ಇದೆ.”

“ತೊಳೀತೀನಿ ಬಿಡಪ್ಪ,” ಎಂದಳು. “ಅಲ್ಲಾದ್ರೂ ಕಾವಲು ಸರ್ಕಾರದ್ದು.”

ಆ ಮಧ್ಯಾಹ್ನ ಇನ್‌ಸ್ಪೆಕ್ಟರ್ ಡಬ್ಬಿಯಲ್ಲಿದ್ದ ಬೀಗದ ಕೈಯನ್ನು ವಶಕ್ಕೆ ತೆಗೆದುಕೊಳ್ಳಲು ಮೀಸೆಯ ಜೊತೆ ಮತ್ತೆ ಆ ಮನೆಗೆ ಹೋದ. ದೂರುದಾರ ಊಟ ಮಾಡಿ ಮಲಗಿದ್ದ. ಗೊರಕೆ ಹಜಾರದವರೆಗೂ ಕೇಳುತ್ತಿತ್ತು. ಹೆಂಡತಿ ಇಬ್ಬರನ್ನೂ ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದಳು.

“ಅವಳನ್ನ ಬಿಟ್ಬಿಡಿ ಸಾರ್. ಲೋಟ ಯಾರೂ ಬದಲಾಯಿಸಿಲ್ಲ.”

“ಮತ್ತೆ ಗೀರು?”

ಅವಳು ಒಲೆಯ ಪಕ್ಕದ ಕಲ್ಲಿನ ಕಟ್ಟೆಯನ್ನು ಸವರಿದಳು. ಒರಟು ಕಲ್ಲು. “ಇಲ್ಲಿ ಇಟ್ಟೂ ಇಟ್ಟೂ ಆಗಿದ್ದು. ಅವ್ರು ಮಲಗಿದ ಮೇಲೆ ನಾವಿಬ್ರೂ ಇಲ್ಲೇ ಕೂತು ಕುಡೀತಿದ್ವಿ.”

“ಏನು ಕುಡೀತಿದ್ರಿ?”

“ನೀರು.”

“ಬರೀ ನೀರಾ?”

“ಬರೀ ನೀರು. ಸ್ಟೀಲ್ ಲೋಟದಲ್ಲೂ ಅದೇ ನೀರೇ. ಆದ್ರೂ.” ಅವಳು ಸ್ವಲ್ಪ ನಕ್ಕಳು. “ಎತ್ತಿದ್ರೆ ಕೈಗೆ ತೂಕವೇ ಇರಲ್ಲ ಸಾರ್. ತಾಗಿಸಿದ್ರೆ ಎಷ್ಟೊತ್ತು ನಾದ ಬರುತ್ತೆ ಗೊತ್ತಾ? ಅವಳು ಪ್ರತಿ ಸಲ ‘ರಾಣೀರೇ, ಚಿಯರ್ಸ್’ ಅನ್ನೋಳು. ಹಾಳಾದೋಳು.”

“ಹನ್ನೆರಡರಲ್ಲೂ ಗೀರಿದೆಯಲ್ಲಮ್ಮಾ?”

“ಸರದಿ ಪ್ರಕಾರ ತೆಗೀತಿದ್ದೆ. ಒಂದೇ ಸವೆದ್ರೆ ಅವ್ರಿಗೆ ಗೊತ್ತಾಗುತ್ತೆ ಅಂತ.”

“ಎಷ್ಟು ವರ್ಷದಿಂದ?”

“ಅವಳು ಕೆಲಸಕ್ಕೆ ಸೇರಿದಾಗಿಂದ. ಹತ್ತು ಹನ್ನೊಂದಾಯ್ತೇನೋ.” ಗೊರಕೆ ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು. ಅಷ್ಟು ಹೊತ್ತೂ ಅವಳು ಉಸಿರಾಡಲಿಲ್ಲ. “ನಾನು ಅಂತ ಮಾತ್ರ ಅವ್ರಿಗೆ ಹೇಳ್ಬೇಡಿ. ಹೇಳಿದ್ರೆ ನನ್ನ ಉಳಿಸಲ್ಲ.”

ಇನ್‌ಸ್ಪೆಕ್ಟರ್ ಹೇಳುವುದಿಲ್ಲ ಎಂದ. ಜೀಪಿನಲ್ಲಿ ಮೀಸೆ, “ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಹೇಗೆ ಸಾರ್?” ಎಂದು ಕೇಳಿದ.

“ಲೋಟ ಅವನವೇ ಅಂತ ಬೇರೆ ಕಡೆಯಿಂದ ಸಾಬೀತು ಮಾಡಿದ್ರಾಯ್ತು. ಈಕೆ ಹೆಸರು ಯಾಕೆ ಬೇಕು?”

ಲೋಟ ಮಾರಿದ್ದ ಹಳೆ ಸಾಮಾನಿನ ಅಂಗಡಿ ಅದೇ ಪೇಟೆಯಲ್ಲಿತ್ತು. ಎಪ್ಪತ್ತರ ಮುದುಕಿ ಕುರ್ಚಿಗಳ ರಾಶಿಯ ನಡುವೆ ಕೂತಿದ್ದಳು. ಇನ್‌ಸ್ಪೆಕ್ಟರ್ ತಂದ ಲೋಟವನ್ನು ಅವಳು ದೀಪಕ್ಕೆ ಹಿಡಿಯಲಿಲ್ಲ, ಬಳ್ಳಿಯನ್ನೂ ನೋಡಲಿಲ್ಲ. ಕಾಲನ್ನು ಬೆರಳಲ್ಲಿ ತಿರುಗಿಸಿದಳು.

“ಇದೊಂದೇ ಸಾಲದು. ಎಲ್ಲಾ ತನ್ನಿ.”

ಉಳಿದ ಹನ್ನೊಂದೂ ಕಪಾಟಿನಿಂದ ಬಂದವು. ಐದನೆಯದರ ಕಾಲಿನಲ್ಲಿ, ಪಾದಕ್ಕೆ ಸೇರುವ ಕಡೆ, ಸಾಸಿವೆಯಷ್ಟು ಗಾಳಿಗುಳ್ಳೆ ಇತ್ತು. ಒಂಬತ್ತನೆಯದರಲ್ಲಿ ಎರಡು, ಅಕ್ಕಪಕ್ಕ.

“ಇವು ನನ್ನವೇ, ಅಂದ್ರೆ ಅವನವೇ. ಈ ಗುಳ್ಳೆಗಳನ್ನ ಗೋಡೆ ಕಡೆ ತಿರುಗಿಸಿಟ್ಟು ಮಾರಿದೀನಿ ನಾನು. ಇಂಥ ಜೋಡಿಗುಳ್ಳೆ ಇನ್ನೊಂದು ಲೋಟದಲ್ಲಿ ಹುಟ್ಟಲ್ಲ ಮಗಾ.”

“ಭೂತಗಾಜು ಇಟ್ಕೊಂಡಿರೋ ಮನುಷ್ಯನಿಗೆ ಇಷ್ಟು ವರ್ಷ ಕಾಣಲಿಲ್ವಾ?”

“ಚಿತ್ತಾರದವರು ಚಿತ್ತಾರ ನೋಡ್ತಾರೆ. ಎಲೆಗೆ ಎಷ್ಟು ನರ, ಬಳ್ಳಿಗೆ ಎಷ್ಟು ಸುತ್ತು. ಕಾಲು ಯಾರು ನೋಡ್ತಾರೆ?” ಆಮೇಲೆ ದನಿ ತಗ್ಗಿಸಿದಳು. “ಗುಳ್ಳೆ ವಿಷಯ ನಾನು ಹೇಳ್ದೆ ಅನ್ಬೇಡಪ್ಪ. ವಾಪಸ್ ತಂದು ತಲೆ ಮೇಲೆ ಕೂರ್ತಾನೆ.”

ಒಂದೇ ದಿನ ಇಬ್ಬರು ಹೆಂಗಸರು ಅವನಿಂದ ಮಾತು ತೆಗೆದುಕೊಂಡಿದ್ದರು. ಮುದುಕಿಯ ಮಾತು ಮುರಿದರೆ ಅವಳಿಗೊಂದು ಜಗಳ, ಅಷ್ಟೆ. ಅವನು ಅದನ್ನು ಮುರಿದ.

ಸಂಜೆ ಐದಕ್ಕೆ ಹನ್ನೆರಡು ಲೋಟಗಳನ್ನೂ ಮನೆಗೆ ಮುಟ್ಟಿಸಿ, ಗುಳ್ಳೆಗಳನ್ನು ತೋರಿಸಿದ. ದೂರುದಾರ ಭೂತಗಾಜು ಹಿಡಿದು ನೋಡಿದ. ಐದನೆಯದನ್ನು ಇಟ್ಟು ಒಂಬತ್ತನೆಯದನ್ನು ಎತ್ತಿದ. ಬಹಳ ಹೊತ್ತು ನೋಡಿದ.

“ಹಾಗಾದ್ರೆ ಇವು ನನ್ನವೇ.”

“ನಿಮ್ಮವೇ. ಕಳ್ಳತನ ಆಗಿಲ್ಲ. ಕೇಸು ಮುಕ್ತಾಯ.”

“ಗೀರು?”

“ಅದು ಪೊಲೀಸರ ಕೆಲಸ ಅಲ್ಲ.”

ಒಳ್ಳೆಯ ಉತ್ತರ ಕೊಟ್ಟೆ ಎಂದು ಇನ್‌ಸ್ಪೆಕ್ಟರ್‌ಗೆ ಅನಿಸಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ದೂರುದಾರ ತೋರಿಸಿದಲ್ಲೆಲ್ಲ ಸಹಿ ಹಾಕಿದ, ಬಾಗಿಲವರೆಗೆ ಬಂದು ಕೈ ಮುಗಿದ. ಕೆಲಸದಾಕೆಯನ್ನು ಬೆಂಚಿನಿಂದ ಎಬ್ಬಿಸಿ ಮನೆಗೆ ಕಳಿಸಲಾಯಿತು.

ಮಾರ್ಚ್ ಹದಿನಾರು, ಬೆಳಿಗ್ಗೆ ಏಳೂಮುಕ್ಕಾಲಕ್ಕೆ ಕೆಲಸದಾಕೆ ಠಾಣೆಗೆ ಬಂದಳು. ಈ ಸಲ ಯಾರೂ ಕರೆಸಿರಲಿಲ್ಲ. ಚಪ್ಪಲಿ ಇರಲಿಲ್ಲ.

“ಅಕ್ಕ ಏಳ್ತಿಲ್ಲ,” ಎಂದಳು.

ದೇಹ ಅಡುಗೆಮನೆಯ ನೆಲದ ಮೇಲಿತ್ತು. ತಲೆಯ ಹಿಂಭಾಗದಲ್ಲಿ ಗಾಯ, ಕಲ್ಲಿನ ಕಟ್ಟೆಯ ಅಂಚಿನಲ್ಲಿ ರಕ್ತ ಮತ್ತು ಕೂದಲು. ಬೀಗದ ಕೈಯಿದ್ದ ಡಬ್ಬಿ ಖಾಲಿಯಾಗಿ ಕಟ್ಟೆಯ ಮೇಲಿತ್ತು. ಗಂಡ ಹಜಾರದಲ್ಲಿ ಕಪಾಟಿನ ಮುಂದೆ ಕೂತಿದ್ದ. ಲೋಟಗಳನ್ನು ತೊಳೆದು, ಒರೆಸಿ, ಜೋಡಿಸಿದ್ದ. ಅವನ ಅಂಗಿಯ ತೋಳು ಇನ್ನೂ ಒದ್ದೆಯಾಗಿತ್ತು. ಇನ್‌ಸ್ಪೆಕ್ಟರ್ ಬಂಧಿಸುತ್ತಿದ್ದೇನೆ ಎಂದಾಗ ಎದ್ದು ಚಪ್ಪಲಿ ಹಾಕಿಕೊಂಡ.

ಠಾಣೆಯಲ್ಲಿ ಅವನು ಎಲ್ಲವನ್ನೂ ಹೇಳಿದ. ದನಿ ಏರಲಿಲ್ಲ.

“ಯಾರು ಅಂತ ಹೇಗೆ ಗೊತ್ತಾಯ್ತು?”

“ನೀವೇ ಹೇಳಿದ್ರಲ್ಲ, ಲೋಟ ನನ್ನವೇ ಅಂತ. ಅಂದ್ರೆ ಗೀರು ಮನೆಯಲ್ಲೇ ಬಿದ್ದಿದ್ದು. ಹನ್ನೆರಡರಲ್ಲೂ ಸಮ ಬಿದ್ದಿತ್ತು. ಕೆಲಸದವಳು ಕದ್ದು ಕುಡಿದಿದ್ರೆ ಮುಂದಿರೋ ಒಂದನ್ನೇ ತೆಗೀತಿದ್ಲು. ಸರದಿ ಇಟ್ಟಿರೋದು ನನ್ನ ಸ್ವಭಾವ ಗೊತ್ತಿದ್ದೋರು. ಆ ಕಟ್ಟೆ ಮೇಲೆ ಒಂದನ್ನ ಇಟ್ಟು ಎತ್ತಿ ನೋಡ್ದೆ. ಅದೇ ಗೀರು.”

ಇನ್‌ಸ್ಪೆಕ್ಟರ್ ಬರೆಯುವುದನ್ನು ನಿಲ್ಲಿಸಿ, ಮತ್ತೆ ಬರೆದ.

“ಕೇಳ್ದೆ. ಹೌದು ಅಂದ್ಲು. ಚೆನ್ನಾಗಿರುತ್ತೆ, ನೀವೂ ಒಂದ್ಸಲ ಕುಡೀರಿ ಅಂದ್ಲು. ತಳ್ಳಿದೆ.”

“ಲೋಟ ಸವೆಯಿತು ಅಂತ ಇಷ್ಟು ಮಾಡಿದ್ರಾ?”

“ಸವೆದಿದ್ದಕ್ಕಲ್ಲ.” ಅವನು ಮೇಜಿನ ಮೇಲಿದ್ದ ಠಾಣೆಯ ಸ್ಟೀಲ್ ಲೋಟವನ್ನು ನೋಡಿದ. “ನಾನು ತಂದಿದ್ದು, ನಾನು ಕಾದಿದ್ದು. ಆ ಮನೆಯಲ್ಲಿ ಮೂರು ಜನ ಓಡಾಡ್ತಿದ್ವಿ. ಆ ಲೋಟಗಳಲ್ಲಿ ನೀರು ಕುಡೀದೇ ಇದ್ದೋನು ನಾನೊಬ್ನೇ.”

ಮೀಸೆ ಎರಡನೆಯ ಪಂಚನಾಮೆಯನ್ನು ಬರೆದು ಮುಗಿಸಿದ. ಕಪಾಟಿನಲ್ಲಿ ಬಳ್ಳಿ ಚಿತ್ತಾರದ ಗಾಜಿನ ಲೋಟ ಹನ್ನೆರಡು. ಒಡೆದದ್ದು ಇಲ್ಲ, ಕಳೆದದ್ದು ಇಲ್ಲ. ಅಡುಗೆಮನೆಯಲ್ಲಿ ಹೆಂಗಸು, ವಯಸ್ಸು ಐವತ್ತೆಂಟು. ಒಂದು.