ಎಂಬತ್ತೊಂದನೇ ಪುಟದ ಬಾಣಸಿಗ

"ಈ ಪುಸ್ತಕಗಳನ್ನ ಕಟ್ಟಿದ್ದು ಯಾರು?"

ಬೈಂಡಿಂಗ್ ಅಂಗಡಿಯ ಬಾಗಿಲಿಂದ ಬಂದ ಆ ಧ್ವನಿಗೆ ಅವಳ ಕೈಯಲ್ಲಿದ್ದ ಸೂಜಿ ತಟ್ಟನೆ ನಿಂತಿತು.

ಬಂದವನು ಗ್ರಂಥಾಲಯದ ಹೊಸ ಗ್ರಂಥಪಾಲಕ. ಎದೆಗವಚಿಕೊಂಡಿದ್ದದ್ದು ಮೂರು ಪುಸ್ತಕ. ಒಂದು ಕೋಟೆಗಳ ಇತಿಹಾಸ, ಒಂದು ವಿಜ್ಞಾನ, ಇನ್ನೊಂದು ಆಕಾಶನೌಕೆಯ ಹಾಸ್ಯ ಕಾದಂಬರಿ. ಅಪ್ಪನ ಕೈ ನಡುಗತೊಡಗಿದ ಮೇಲೆ ಅವಳು ಒಬ್ಬಳೇ ಬೈಂಡ್ ಮಾಡಿದ ಮೊದಲ ಮೂರು ಪುಸ್ತಕಗಳು ಅವು!

"ನಾನೇ... ಯಾಕೆ?"

"ಎಂಬತ್ತನೇ ಪುಟದಲ್ಲಿ ರಾಜ ಕೋಟೆಗೆ ಮುತ್ತಿಗೆ ಹಾಕ್ತಾನೆ. ಎಂಬತ್ತೊಂದರಲ್ಲಿ ಆಕಾಶನೌಕೆಯ ಬಾಣಸಿಗ, 'ಅಯ್ಯೋ, ಉಪ್ಪು ಭೂಮೀಲೇ ಮರೆತು ಬಂದೆ' ಅಂತ ಅಳ್ತಾನೆ!"

ಅವಳ ಮುಖ ಕೆಂಪಾಯಿತು. ಹದಿನಾರು ಪುಟಗಳ ಒಂದೊಂದು ಮಡಿಕೆಗೆ ಫಾರಂ ಎನ್ನುತ್ತಾರೆ. ಮೂರೂ ಪುಸ್ತಕ ಒಂದೇ ಅಳತೆಯವು. ಒಂದೇ ಮೇಜಿನ ಮೇಲೆ ಬಿಚ್ಚಿಟ್ಟಾಗ ಆರನೇ ಫಾರಂಗಳು ಅದಲುಬದಲಾಗಿದ್ದವು. ಪುಟಸಂಖ್ಯೆ ಸರಿಯಾಗಿದೆ ಎಂದು ಅವಳು ಹೊಲಿದುಬಿಟ್ಟಿದ್ದಳು.

"ಇಲ್ಲೇ ಬಿಟ್ಟುಹೋಗಿ, ಸಂಜೆಗೆ ಸರಿ ಮಾಡ್ತೀನಿ."

ಅವನು ತುಟಿ ಬಿಗಿಹಿಡಿದು ಅವಳನ್ನೇ ನೋಡಿದ. ಅದು ಸಿಟ್ಟೆಂದು ಅವಳು ತಿಳಿದಳು. ಪಾಪ, ಅವನು ನಗು ತಡೆಯುತ್ತಿದ್ದ!

"ನಾಳೆ ತರ್ತೀನಿ," ಎಂದವನೇ ಮೂರನ್ನೂ ಎತ್ತಿಕೊಂಡು ಹೊರಟುಹೋದ.

ಆ ನಾಳೆ ಬರಲೇ ಇಲ್ಲ. ಗುರುವಾರ ಅವನು ಬಂದ, ಬೇರೆ ಹರಿದ ಪುಸ್ತಕಗಳ ಜೊತೆ. ಮರು ಗುರುವಾರವೂ ಬಂದ. ಅಪ್ಪನ ಪಕ್ಕದ ಸ್ಟೂಲಿನಲ್ಲಿ ಕುಳಿತು ಹರಟಿದ, ಕೇಳದೆಯೇ ದಾರದ ಉಂಡೆ ಹಿಡಿದುಕೊಂಡ.

"ಆ ಮೂರು ಪುಸ್ತಕ?" ಎಂದರೆ, "ಹ್ಞಾಂ... ಮುಂದಿನ ವಾರ," ಎನ್ನುತ್ತಿದ್ದ.

"ಗುರುವಾರ ಬಂತು ಅಂದ್ರೆ ನಿನ್ನ ಕಾಲು ನೆಲದ ಮೇಲೆ ನಿಲ್ಲಲ್ಲ ಪುಟ್ಟಿ," ಎಂದು ಅಪ್ಪ ಕೆಣಕಿದರು.

"ಹೋಗಪ್ಪಾ, ನಿನಗೆ ಬೇರೆ ಕೆಲಸ ಇಲ್ಲ!"

ಆ ಅಂಗಡಿಯಲ್ಲಿ ಅಪ್ಪನ ಕಾಲದಿಂದ ಒಂದು ಪದ್ಧತಿಯಿತ್ತು. ಪುಸ್ತಕದ ಬೆನ್ನಿಗೆ ಒಳಗಿನಿಂದ ಅಂಟಿಸುವ ಕಾಗದದ ಪಟ್ಟಿಯ ಮೇಲೆ ಕಟ್ಟಿದವರು ಮನಸ್ಸಿನ ಒಂದು ಮಾತು ಬರೆಯಬೇಕು. ಬೆನ್ನು ಬಿಚ್ಚುವವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇತ್ತೀಚೆಗೆ ಅವಳು ಎಲ್ಲ ಪುಸ್ತಕಕ್ಕೂ ಬರೆಯುತ್ತಿದ್ದದ್ದು ಒಂದೇ ಮಾತು: ಗುರುವಾರ ಬೇಗ ಬರಲಿ.

ಹೀಗಿರುವಾಗ ಒಂದು ದಿನ ಗ್ರಂಥಾಲಯ ಗುಡಿಸುವ ಅಜ್ಜಿ ಅಂಗಡಿಗೆ ಬಂದು ಪಿಸುಗುಟ್ಟಿದಳು. "ಆ ಮೂರು ಪುಸ್ತಕಾನ ಸಾರ್ ಬೀರುವಿನಲ್ಲಿಟ್ಟು ಬೀಗ ಹಾಕಿದಾರಮ್ಮ. ಇವತ್ತು ಲೈಬ್ರರಿ ಸಮಿತಿಯವರು ಬಂದಿದಾರೆ. ಯಾರು ಎಲ್ಲಿ ಕೆಲಸ ಕೆಡಿಸಿದ್ರು ಅಂತ ವಿಚಾರಿಸ್ತಾರಂತೆ..."

ಅಂಗಡಿ ನಡೆಯುವುದೇ ಗ್ರಂಥಾಲಯದ ಕೆಲಸದಿಂದ. ಅದು ಹೋದರೆ? ಅಪ್ಪ ಮೂವತ್ತು ವರ್ಷ ಉಳಿಸಿಕೊಂಡು ಬಂದ ಹೆಸರು? 'ಸಾಕ್ಷಿಗೆ ಅಂತ ಇಟ್ಕೊಂಡಿದ್ರಾ... ನಮ್ಮ ಜೊತೆ ಕೂತು ನಗ್ತಾ ನಗ್ತಾನೇ!'

ಅವಳು ಅಂಟಿನ ಕೈಯಲ್ಲೇ ಗ್ರಂಥಾಲಯಕ್ಕೆ ಓಡಿದಳು. ಸಮಿತಿಯವರು ಹೊರಟುಹೋಗಿದ್ದರು. ಅವನು ಬೀರುವಿನ ಬೀಗ ತೆಗೆಯುತ್ತಿದ್ದ.

"ನಂಬಿಸಿ ಕತ್ತು ಕೊಯ್ದ್ರಲ್ಲ! ತೋರಿಸಿ ಆಯ್ತಾ ಎಲ್ಲರಿಗೂ?"

ಅವನು ಗಾಬರಿಯಾದ. "ತೋರಿಸೋದಾ? ಅವರ ಕಣ್ಣಿಗೆ ಬೀಳಬಾರದು ಅಂತಾನೇ ಬೀಗ ಹಾಕಿದ್ದು ಕಣ್ರೀ!"

"ಹಾಗಾದ್ರೆ ಸರಿ ಮಾಡೋಕೆ ಯಾಕೆ ಕೊಡಲಿಲ್ಲ?"

ಅವನು ಕೋಟೆಗಳ ಇತಿಹಾಸದ ಕೊನೆಯ ಪುಟ ತೆರೆದು ಅವಳ ಮುಂದಿಟ್ಟ. ಪುಸ್ತಕ ಒಯ್ದವರ ಕಾರ್ಡಿನ ಸಂಖ್ಯೆ, ಮರಳಿಸುವ ದಿನಾಂಕ ಬರೆಯುವ ಚೀಟಿ ಅಲ್ಲಿ ಅಂಟಿತ್ತು. ಒಂದರ ಕೆಳಗೊಂದು ಹನ್ನೊಂದು ಸಲ ಒಂದೇ ಸಂಖ್ಯೆ!

"ಇದು... ಯಾರ ಕಾರ್ಡು?"

"ನನ್ನದೇ." ಅವನು ತಲೆ ತಗ್ಗಿಸಿದ. "ಅಮ್ಮ ಹೋದ ಮೇಲೆ ಈ ಊರಿಗೆ ಬಂದೆ. ಆರು ತಿಂಗಳು ನಕ್ಕೇ ಇರಲಿಲ್ಲ ನಾನು. ಆ ದಿನ ಕೋಟೆ ಬಾಗಿಲಲ್ಲಿ ಆ ಬಾಣಸಿಗ ಉಪ್ಪು ಉಪ್ಪು ಅಂತ ಅತ್ತಾಗ... ಒಬ್ಬನೇ ಕೂತು ಬಿದ್ದು ಬಿದ್ದು ನಕ್ಕೆ. ಬೈಯೋಣ ಅಂತಾನೇ ನಿಮ್ಮ ಅಂಗಡಿಗೆ ಬಂದೆ. ನಿಮ್ಮನ್ನ ನೋಡಿದ ಮೇಲೆ ಬೈಯೋಕಾಗಲಿಲ್ಲ."

ಅವಳು ಆ ಹನ್ನೊಂದು ಸಂಖ್ಯೆಗಳನ್ನು ಮತ್ತೆ ನೋಡಿದಳು.

"ಸರಿ ಮಾಡಿಬಿಟ್ರೆ ಆ ನಗು ಹೊರಟುಹೋಗುತ್ತೇನೋ ಅನ್ನಿಸ್ತು. ನೀವಂದ್ರೆ ನನಗೆ ತುಂಬಾ ಇಷ್ಟ ಕಣ್ರೀ. ತಪ್ಪಾಗಿದ್ರೆ ಕ್ಷಮಿಸಿ."

ಅವಳು ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಅಂಟು ಮೆತ್ತಿಕೊಂಡಳು. "ಪುಸ್ತಕ ಕೊಡಿ ಮೊದಲು," ಎಂದಳು. ಆಮೇಲೆ ಮೆಲ್ಲಗೆ, "ಗುರುವಾರ ಮಾತ್ರ ತಪ್ಪಿಸಬೇಡಿ..."

ಮುಂದಿನ ಗುರುವಾರ ಬಾಣಸಿಗ ತನ್ನ ನೌಕೆಗೆ ಮರಳಿದ, ರಾಜ ತನ್ನ ಮುತ್ತಿಗೆಗೆ. ಅಪ್ಪ ಅದೇ ಹೊತ್ತಿಗೆ ಏನೋ ಜ್ಞಾಪಕ ಬಂದವರಂತೆ ಹೊರಗೆ ಹೋದರು. ಅವಳು ಕಾಗದದ ಪಟ್ಟಿಯ ಮೇಲೆ ಏನೋ ಗೀಚಿ, ಅವನು ಇಣುಕುವಷ್ಟರಲ್ಲಿ ಬೆನ್ನಿಗೆ ಅಂಟಿಸಿಬಿಟ್ಟಳು.

"ಏನು ಬರೆದ್ರಿ?"

"ಬೆನ್ನು ಬಿಚ್ಚಿದಾಗಲೇ ಗೊತ್ತಾಗೋದು."

"ಯಾವಾಗ ಬಿಚ್ಚುತ್ತೆ?"

"ನಾನು ಹಾಕಿದ ಹೊಲಿಗೆ ನಲವತ್ತು ವರ್ಷ ಅಲ್ಲಾಡಲ್ಲ!"

ಅವನು ಸ್ಟೂಲನ್ನು ಅವಳ ಪಕ್ಕಕ್ಕೆ ಎಳೆದುಕೊಂಡ. "ಸರಿ... ಇಲ್ಲೇ ಕೂತು ಕಾಯ್ತೀನಿ. ಆಗಬಹುದಾ?"

ಅವಳು ದಾರದ ಉಂಡೆಯನ್ನು ಅವನ ಕೈಗಿಟ್ಟಳು.

"ಸುಮ್ನೆ ಕೂರಬೇಡಿ. ಹಿಡ್ಕೊಳ್ಳಿ ಇದನ್ನ."