ರಬ್ಬರ್ ಶೆಡ್ಡಿನ ಬಿಳಿ ಡಬ್ಬಿ

೧೯೮೧ರ ಆಯುಧಪೂಜೆಯ ದಿನ, ರಾಜಾಜಿನಗರದ ಒಂದು ಲೇತ್ ಶೆಡ್ಡಿನಲ್ಲಿ ಕುಂಬಳಕಾಯಿ ಒಡೆದ ಮೇಲೆ, ಹದಿನಾರರ ಹುಡುಗ ಗಿರಿರಾಜ್ ಮೇನ್ ಸ್ವಿಚ್ ಮುಟ್ಟಿ ಅಪ್ಪನಿಗೆ ಮಾತು ಕೊಟ್ಟಿದ್ದ: ಎಲ್ಲರೂ ಕೈ ತೆಗೆದಿದ್ದಾರೆಯೇ ಎಂದು ಒಬ್ಬೊಬ್ಬರನ್ನೂ ಕೇಳದೆ ಇದನ್ನು ಎಳೆಯುವುದಿಲ್ಲ. ಆ ಶೆಡ್ಡಿನ ಪದ್ಧತಿಯೇ ಹಾಗಿತ್ತು. ಒಂದೇ ಬೆಲ್ಟಿನ ಮೇಲೆ ಎಲ್ಲ ಲೇತುಗಳೂ ತಿರುಗುತ್ತಿದ್ದವು. ಸಂಜೆ ನಿಲ್ಲಿಸುವ ಮುಂಚೆ ಅಪ್ಪ ಸಾಲಿನುದ್ದಕ್ಕೂ ನಡೆದು "ಕೈ ತೆಗ್ದ್ಯಾ?" ಎನ್ನುತ್ತಿದ್ದ. ಕೊನೆಯವನೂ "ತೆಗ್ದೆ" ಎಂದ ಮೇಲೇ ಸ್ವಿಚ್.

೨೦೦೬ರ ನವೆಂಬರ್ ೯, ಗುರುವಾರ ಬೆಳಿಗ್ಗೆ ಮೈಸೂರು ರಸ್ತೆಯ ಠಾಣೆಗೆ ಶಂಕ್ರವ್ವ ಎಂಬಾಕೆ ಬಂದಾಗ ಇನ್ಸ್‌ಪೆಕ್ಟರ್ ಬಸವಲಿಂಗಪ್ಪನವರಿಗೆ ಈ ಕತೆ ಗೊತ್ತಿರಲಿಲ್ಲ. ಅವಳ ಗಂಡ ಅಮರೇಶ ದೀಪಾಂಜಲಿ ನಗರದಲ್ಲಿ ಹಳೆ ಟೈರಿಗೆ ಹೊಸ ರಬ್ಬರ್ ಕೂರಿಸುವ ಕಾರ್ಖಾನೆಯ ಆಪರೇಟರ್. ಹಿಂದಿನ ದಿನ ಹಬೆಯ ಚೇಂಬರಿನ ಬಾಗಿಲು ತೆಗೆದಾಗ ಮುಖ, ಕೈ ಎರಡೂ ಬೆಂದುಹೋಗಿದ್ದವು.

"ಒಂದ್ ಕಣ್ಣ ಉಳಿಯೂದಿಲ್ಲ ಅಂದಾರ್ರಿ ಡಾಕ್ಟರು," ಎಂದಳು ಶಂಕ್ರವ್ವ. "ಅದರ ಮ್ಯಾಲ ತಪ್ಪೂ ಅವರದ ಅಂತ ಅನ್ನಾಕತ್ತಾರ. ತಪ್ಪ ಅಂತ ಒಮ್ಮೆ ಬರೆಸಿಬಿಟ್ರ ಮುಂದ ಯಾರ ಕೆಲ್ಸಾ ಕೊಡ್ತಾರ್ರಿ ಸಾಹೇಬ್ರ?"

"ಬಾಗಿಲು ಯಾಕೆ ತೆಗೆದ?"

"ಹಸರ ಲೈಟ್ ಹತ್ತಿತ್ರಿ. ಹತ್ತಿದ್ರನ ತಗೀಬೇಕು ಅಂತ ಕಲಿಸ್ಯಾರ. ಹತ್ತಿತ್ತು, ತಗದಾರ."

ಐಪಿಸಿ ೨೮೭ ಮತ್ತು ೩೩೮ರಡಿ ಎಫ್‌ಐಆರ್ ದಾಖಲಾಯಿತು. ಆರೋಪಿಯ ಹೆಸರಿನ ಜಾಗ ಖಾಲಿ. ಆ ಜಾಗದಲ್ಲಿ ಗಂಡನ ಹೆಸರು ಬೀಳಬಾರದೆಂಬುದಷ್ಟೇ ಆಕೆಯ ಬೇಡಿಕೆ.

ಅದೇ ದಿನ ಮಧ್ಯಾಹ್ನ ಹೆಡ್ ಕಾನ್‌ಸ್ಟೆಬಲ್ ಕೃಷ್ಣಯ್ಯನೊಂದಿಗೆ ಸ್ಥಳ ಪಂಚನಾಮೆ. ಶೆಡ್ಡಿನಲ್ಲಿ ರಬ್ಬರ್ ಪುಡಿ ಕೂರದ ವಸ್ತುವಿರಲಿಲ್ಲ. ಗೋಡೆ, ಫ್ಯಾನು, ದೇವರ ಪಟ, ಕೆಲಸದವರ ಕಿವಿ ಎಲ್ಲ ಕಪ್ಪು. ಚೇಂಬರನ್ನು ನಡೆಸುವ ಕಂಟ್ರೋಲ್ ಡಬ್ಬಿಯೊಂದೇ ಬೆಳ್ಳಗೆ ಹೊಳೆಯುತ್ತಿತ್ತು.

"ಸಾರ್, ಇದು ನಿನ್ನೆ ಮೊನ್ನೆ ಬಂದಂಗೈತೆ," ಎಂದ ಕೃಷ್ಣಯ್ಯ.

"ಒರೆಸಿದ್ವಿ ಸಾರ್, ನೀವು ಬರ್ತೀರ ಅಂತ," ಎಂದ ಕಾರ್ಖಾನೆಯ ಮ್ಯಾನೇಜರ್.

"ದೇವರ ಪಟ ಒರೆಸ್ಲಿಲ್ವಾ?" ಎಂದರು ಬಸವಲಿಂಗಪ್ಪ.



ಡಬ್ಬಿಯನ್ನು ಪಂಚರ ಎದುರು ಪರೀಕ್ಷಿಸಲಾಯಿತು. ಕಂಪ್ಯೂಟರಿನಿಂದ ಚೇಂಬರಿನ ಹಬೆ ಹೊರಬಿಡಲು ಹೇಳಿ, ಬಿಡುತ್ತಿರುವಾಗಲೇ ಡಬ್ಬಿಗೆ ನಿಲ್ಲಲು ಹೇಳಿದರು. ಅದು ತಾಳ್ಮೆಯಿಂದ ಹಬೆಯನ್ನೆಲ್ಲ ಬಿಟ್ಟು, ಹಸಿರು ದೀಪ ಹೊತ್ತಿಸಿ, ಆಮೇಲೆ ನಿಂತಿತು. ತಪ್ಪೇನೂ ಕಾಣಲಿಲ್ಲ. ಬಸವಲಿಂಗಪ್ಪನವರಿಗೆ ಇಷ್ಟು ಸಭ್ಯ ಯಂತ್ರದ ಮೇಲೆ ಸಂಶಯವೇ ಬಂತು.

ಡಬ್ಬಿ ತಯಾರಿಸಿದ ಕಂಪನಿ ಬಸವೇಶ್ವರನಗರದಲ್ಲಿತ್ತು. ಮಾಲೀಕ ಗಿರಿರಾಜ್. ಗಾಜಿನ ಕೋಣೆ, ಗೋಡೆಯಲ್ಲಿ ಅಪ್ಪನ ದೊಡ್ಡ ಫೋಟೋ. ಬಂದವರಿಗೆಲ್ಲ ಕಾಫಿಯ ಜೊತೆ ಲೇತ್ ಶೆಡ್ಡಿನ ಕತೆಯೂ ಸಿಗುತ್ತಿತ್ತು. ಪೊಲೀಸರಿಗೂ ಸಿಕ್ಕಿತು. ಮಾತು ಕೊಟ್ಟ ಭಾಗಕ್ಕೆ ಬಂದಾಗ ಗಿರಿರಾಜ್ ಸ್ವರ ತಗ್ಗಿಸಿದ. ಎಷ್ಟು ಸಲ ತಗ್ಗಿಸಿದ ಸ್ವರವೋ, ಜಾಗ ಸರಿಯಾಗಿ ಗೊತ್ತಿತ್ತು.

"ಅದನ್ನೇ ಪ್ರಾಡಕ್ಟ್‌ನಲ್ಲಿ ಹಾಕಿದ್ದೀನಿ ಸಾರ್. ಗ್ರೇಸ್‌ಫುಲ್ ಶಟ್‌ಡೌನ್ ಅಂತೀವಿ. ನಿಮಗೆ ಸ್ವಲ್ಪ ಟೆಕ್ನಿಕಲ್ ಆಗುತ್ತೆ."

"ಆಗ್ಲಿ. ಹೇಳಿ."

"ಡಬ್ಬಿ ಒಳಗೇ ಒಂದು ಪುಟ್ಟ ವೆಬ್ ಸರ್ವರ್ ಇದೆ. ಯಾವ ಕಂಪ್ಯೂಟರಿಂದ ಬೇಕಾದ್ರೂ ಅದರ ಪೇಜ್ ತೆಗೆದು ಕೆಲಸ ಹೇಳಬಹುದು. ನಿಲ್ಲು ಅಂದ್ರೆ ಹೊಸಬರನ್ನ ಸೇರಿಸಿಕೊಳ್ಳಲ್ಲ. ಆಗ್ಲೇ ಕನೆಕ್ಟ್ ಆಗಿರೋರ ಕೆಲಸ ಮುಗಿಸಿ, ಎಲ್ರಿಗೂ ಉತ್ತರ ಕೊಟ್ಟು, ಆಮೇಲೆ ನಿಲ್ಲುತ್ತೆ."

"ಬುಧವಾರ ನೀವು ಅದನ್ನ ನಿಲ್ಲಿಸಿದ್ರಾ?"

"ಇಲ್ಲಿಂದ್ಲೇ. ರೊಟೀನ್ ಅಪ್‌ಡೇಟ್ ಸಾರ್."

"ಆಗ ಅಮರೇಶ ಹಬೆ ಬಿಡ್ತಾ ಇದ್ದ."

"ಇರ್ಬಹುದು. ಡಬ್ಬಿ ಕಾದಿರುತ್ತೆ. ಆಪರೇಟರ್ ಎರರ್ ಸಾರ್ ಇದು, ಈ ಜನ ನಿಮಗೆ ಗೊತ್ತಲ್ಲ. ಒಳಗೆ ಹಬೆ ಎಷ್ಟಿದೆ ಅಂತ ಗೇಜ್ ನೋಡಬೇಕಿತ್ತು."

"ಬಾಗಿಲ ಮೇಲಿದ್ದ ಗೇಜ್ ತೆಗೆಸಿದ್ದು ಯಾರು?"

"ಸ್ಕ್ರೀನಲ್ಲೇ ಬರುತ್ತಲ್ಲ ಸಾರ್, ಅದಿನ್ಯಾಕೆ ಅಂತ..."

"ಸ್ಕ್ರೀನ್ ಆಫೀಸ್ ರೂಮಲ್ಲಿದೆ. ಬಾಗಿಲು ಶೆಡ್ಡಲ್ಲಿದೆ. ಅವನ ಕತ್ತು ಎಷ್ಟು ಉದ್ದ ಅಂದ್ಕೊಂಡಿದ್ರಿ?"

ಗಿರಿರಾಜ್ ನಕ್ಕ. ಸರ್ಕಾರಿ ನೌಕರರ ಹಾಸ್ಯಕ್ಕೆ ನಗುವ ನಗು ಅದು.

ಜೀಪಿನಲ್ಲಿ ಕೃಷ್ಣಯ್ಯ ಹೇಳಿದ, "ಸಾರ್, ಮಾರೇನಹಳ್ಳೀಲಿ ನನ್ನ ಯೂನಿಫಾರ್ಮ್ ಕೊಡೋ ಲಾಂಡ್ರಿ ಜಗನ್ನಾಥನ ಹತ್ರಾನೂ ಇದೇ ಕಂಪ್ನಿ ಡಬ್ಬಿ ಐತೆ."

ಜಗನ್ನಾಥನ ಲಾಂಡ್ರಿಯ ಡಬ್ಬಿ ಸೋಪಿನ ಕಲೆ ಮೆತ್ತಿಕೊಂಡು ತನ್ನ ಜಾಗದಲ್ಲೇ ಕೂತಿತ್ತು.

"ಈಚೆಗೆ ಏನಾದ್ರೂ ಬದಲಾಯಿಸಿದ್ರಾ?" ಎಂದರು ಬಸವಲಿಂಗಪ್ಪ.

"ಹೋದ ವಾರ ಫೋನ್ ಲೈನಲ್ಲೇ ಹೊಸ ಪ್ರೋಗ್ರಾಮ್ ಹಾಕಿದ್ದೀವಿ ಅಂದ್ರು ಸಾರ್. ಆವತ್ತಿಂದ ಪಟಕ್ ಅಂತ ನಿಲ್ಲುತ್ತೆ ನನ್ಮಗಂದು. ಕಂಪ್ಲೇಂಟ್ ಮಾಡಿದ್ರೆ 'ನಿಮ್ಮಂಥ ಚಿಕ್ಕ ಕಸ್ಟಮರ್‌ಗೆಲ್ಲ ಜನ ಕಳ್ಸಕ್ಕಾಗಲ್ಲ' ಅಂದ್ರು."

ಮತ್ತೆ ಪಂಚರು, ಮತ್ತೆ ಅದೇ ಪರೀಕ್ಷೆ. ವಾಷಿಂಗ್ ಮೆಷಿನ್ ನೀರು ಹೊರಬಿಡುತ್ತಿದ್ದಾಗ ಡಬ್ಬಿಗೆ ನಿಲ್ಲಲು ಹೇಳಿದರು. ಮರುಕ್ಷಣ ಅದು ಸತ್ತಿತು. ನೀರು ಅರ್ಧಕ್ಕೇ ನಿಂತಿತು. ಡಬ್ಬಿ ಮತ್ತೆ ಎದ್ದಾಗ ಹಿಂದಿನದೊಂದೂ ಅದಕ್ಕೆ ನೆನಪಿರಲಿಲ್ಲ. ಒಳಗೆಲ್ಲ ಖಾಲಿ ಎಂದೇ ತಿಳಿದು ಹಸಿರು ದೀಪ ಹೊತ್ತಿಸಿತು. ಮೆಷಿನ್ನಿನೊಳಗೆ ನೀರು ತುಂಬಿತ್ತು.

ಜಗನ್ನಾಥನಿಗಾದರೆ ಒದ್ದೆ ಬಟ್ಟೆ. ಅಮರೇಶನಿಗೆ ಹಬೆ.

ದೊಡ್ಡ ಗಿರಾಕಿಗಳ ಡಬ್ಬಿಗಳನ್ನು ಬುಧವಾರ ಸಂಜೆಯೇ ಜನ ಓಡಿಸಿ ಬದಲಾಯಿಸಿದ್ದ ಗಿರಿರಾಜ್, ಬಟ್ಟೆ ಒಗೆಯುವವನನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಶುಕ್ರವಾರ ಅವನ ಕಂಪನಿಯ ಪ್ರೋಗ್ರಾಮರ್ ಚೇತನಾಳ ಹೇಳಿಕೆ ಪಡೆಯಲಾಯಿತು. ಚೆನ್ನಾಗಿ ಓದಿದ ಹುಡುಗಿ. ಕರ್ಚೀಫು ಹಿಂಡುತ್ತ ಕೂತಿದ್ದಳು.

"ಮೊದಲು ಡಬ್ಬಿ ಕಾಯ್ತಿತ್ತಾ?"

"ಹೂಂ ಸಾರ್. ಹತ್ತು ನಿಮಿಷದವರೆಗೂ ಕಾಯೋ ಹಾಗೆ ನಾನೇ ಬರೆದಿದ್ದೆ. ಹೋದ ತಿಂಗಳು ಗಿರಿರಾಜ್ ಸಾರ್ ಅದನ್ನ ಸೊನ್ನೆ ಮಾಡಿಸಿದ್ರು."

"ಸೊನ್ನೆ ಅಂದ್ರೆ?"

"ಯಾರು ಏನ್ ಮಾಡ್ತಿದ್ರೂ ನೋಡಲ್ಲ. ತಕ್ಷಣ ನಿಲ್ಲುತ್ತೆ."

"ಹಿಂಗಾಗ್ಬಹುದು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ಒಂದ್ಸಲ ಹೇಳ್ದೆ ಕೂಡ."

"ಎರಡನೇ ಸಲ?"

ಅವಳು ಅತ್ತಳು. ಬಸವಲಿಂಗಪ್ಪ ನೀರು ಕೊಡಿಸಿದರು, ಸಮಾಧಾನ ಹೇಳಲಿಲ್ಲ. ಒಂದೇ ಸಲ ಹೇಳಿ ಸಂಬಳ ಎಣಿಸುವ ಜನರನ್ನು ಅವರು ತಮ್ಮ ಇಲಾಖೆಯಲ್ಲೂ ಬೇಕಾದಷ್ಟು ಕಂಡಿದ್ದರು.

"ಯಾಕೆ ಸೊನ್ನೆ ಮಾಡಿಸಿದ್ರು?"

"ಫಾರಿನ್ನಿಂದ ಬೈಯರ್ಸ್ ಬಂದಿದ್ರು ಸಾರ್. ಡೆಮೋ ಕೊಡುವಾಗ ಡಬ್ಬಿ ನಿಲ್ಲೋಕೆ ತುಂಬ ಹೊತ್ತು ತಗೊಳ್ತು. ಅವರಲ್ಲೇ ಒಬ್ಬರ ಲ್ಯಾಪ್‌ಟಾಪಲ್ಲಿ ಪೇಜ್ ಓಪನ್ ಇತ್ತು, ಅದು ಅವರಿಗೋಸ್ಕರಾನೇ ಕಾಯ್ತಿತ್ತು. ಅವರು ಗೋಡೆ ಮೇಲಿನ ಫೋಟೋ ನೋಡಿ, 'ಇದು ನಿಮ್ಮ ತಂದೆಯ ಲೇತ್ ಥರಾನೇ ನಿಲ್ಲುತ್ತೆ' ಅಂತ ನಕ್ಕುಬಿಟ್ರು. ಅವರು ಹೋದ ಮೇಲೆ ನಮ್ಮ ಸಾರ್ ಒಬ್ಬರೇ ರೂಮಲ್ಲಿ ಕೂತಿದ್ರು. ಆಚೆ ಬಂದವರೇ, ಸೊನ್ನೆ ಮಾಡು ಅಂದ್ರು."

ಮಧ್ಯಾಹ್ನ ಗಿರಿರಾಜನ ಕಾರಿನ ಡಿಕ್ಕಿ ತೆಗೆಸಿದಾಗ, ಹಳೆ ಪೇಪರಿನಲ್ಲಿ ಸುತ್ತಿದ ಡಬ್ಬಿಯೊಂದು ಸಿಕ್ಕಿತು. ಪೇಪರಿಗೂ ರಬ್ಬರಿನ ಕಪ್ಪು ಅಂಟಿತ್ತು. ಅದನ್ನು ಎಸೆಯುವಷ್ಟು ಹೆದರಿಕೆಯೂ ಅವನಿಗೆ ಬಂದಿರಲಿಲ್ಲ. ಸಾಕ್ಷ್ಯನಾಶದ ೨೦೧ನೇ ಕಲಂ ಸೇರಿಸಿ ಬಂಧಿಸಲಾಯಿತು.

"ಬೇಲಬಲ್ ಸೆಕ್ಷನ್ ಅಲ್ವಾ ಸಾರ್? ಲಾಯರ್ ಬರ್ತಾ ಇದಾರೆ," ಎಂದ ಗಿರಿರಾಜ್, ಬಂಧನದ ಮೆಮೊಗೆ ಸಹಿ ಹಾಕುತ್ತ.

"ಬೇಲಬಲ್ಲೇ. ಸಂಜೆಗೆ ಮನೇಲಿರ್ತೀರ," ಎಂದರು ಬಸವಲಿಂಗಪ್ಪ. "ಅಮರೇಶನ ವಾರ್ಡು ನಿಮ್ಮ ದಾರೀಲೇ ಬರುತ್ತೆ. ಹೋಗಲ್ಲ ಅಂತ ನನಗೆ ಗೊತ್ತು."

ಗಿರಿರಾಜನ ಮುಖದಲ್ಲಿ ಮೊದಲ ಬಾರಿಗೆ ಏನೋ ಅಲುಗಿತು. "ಇಷ್ಟು ವರ್ಷ ಲೇತಿನವನ ಮಗ ಅನ್ನಿಸ್ಕೊಂಡಿದ್ದೀನಿ ಸಾರ್. ನಾನು ಹೇಳ್ಕೊಂಡಾಗ ಅದು ಚೆನ್ನಾಗಿರುತ್ತೆ. ಬೇರೆಯವರು ಅಂದಾಗ..."

ಆರೋಪಿಯ ಹೆಸರಿನ ಜಾಗ ತುಂಬಿತು. ಶಂಕ್ರವ್ವನಿಗೆ ಫೋನ್ ಮಾಡಿ ತಿಳಿಸುವಂತೆ ಇನ್ಸ್‌ಪೆಕ್ಟರ್ ಕೃಷ್ಣಯ್ಯನಿಗೆ ಹೇಳಿದರು. ಸುದ್ದಿ ಕೇಳಿ ಅವಳು "ಹೌದೇನ್ರಿ" ಎಂದಷ್ಟೇ ಅಂದಳಂತೆ. ಅಮರೇಶನ ಬಲಗಣ್ಣನ್ನು ಅಂದು ಬೆಳಿಗ್ಗೆಯೇ ತೆಗೆದಿದ್ದರು.

ಕೇಳದೆ ಸ್ವಿಚ್ ಎಳೆಯುವುದಿಲ್ಲ ಎಂದು ಅಪ್ಪನಿಗೆ ಕೊಟ್ಟ ಮಾತನ್ನು ಗಿರಿರಾಜ್ ಮುರಿದಿದ್ದ.